ಶಮಾಲಿನ ಬಿಸಿನೀರು

ಶುಕ್ರವಾರ ಬೆಳಿಗ್ಗೆ ರೆಜಿನಾಳನ್ನು ಎಬ್ಬಿಸಿದ್ದು ಗಂಡನ ಕೋಲಿನ ಸದ್ದು. ಆಂಟನಿ ಹಾಸಿಗೆಯ ಅಂಚಿನಲ್ಲಿ ಕೂತು ನಾಲ್ಕು ಕಾಲಿನ ಸ್ಟೀಲಿನ ಕೋಲಿನಿಂದ ನೆಲ ಕುಟ್ಟುತ್ತಿದ್ದ. ಅಂಗಿಯ ಬಲತೋಳನ್ನು ತಾನೇ ಏರಿಸಿಕೊಂಡಿದ್ದ. ಉಳಿದರ್ಧ ಬೆನ್ನ ಹಿಂದೆ ಜೋತುಬಿದ್ದಿತ್ತು.

“ಏಳು ರೆಜಿ. ಜೇಕಬ್ ಈಗ ಬಂದುಬಿಡ್ತಾನೆ.”

ಅವಳು ಕಣ್ಣು ತೆರೆಯದೆ ಸ್ವಲ್ಪ ಹೊತ್ತು ಹಾಗೇ ಮಲಗಿದ್ದಳು. ವಾರದ ಆರು ದಿನ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ನಿಂತು, ನೋವು ತಾಳಲಾರದವರ ಬೈಗುಳ ಕೇಳಿ, ಸಂಜೆ ದೋಹಾದ ಅಲ್ ಹಿಲಾಲ್‌ನ ಈ ಫ್ಲಾಟಿಗೆ ಮರಳಿ, ಅಡುಗೆ ಮಾಡಿ, ಗಂಡನನ್ನು ಮೀಯಿಸಿ, ಮಲಗಿಸಿ, ನಡುವೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಮತ್ತೆ ಮಲಗಿಸುವ ಹೆಂಗಸಿಗೆ ಇದ್ದದ್ದು ಶುಕ್ರವಾರದ ರಜೆಯೊಂದೇ. ಆ ದಿನ ಇಗರ್ಜಿಯಲ್ಲಿ ಕೊಂಕಣಿ ಬಲಿಪೂಜೆ. ಹೋಗಿ ಬೆಂಚಿನ ಮೇಲೆ ಕೂತರೆ ಪೂಜೆ ಮುಗಿಯುವ ತನಕ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಪಾದ್ರಿಗಳ ಪ್ರವಚನದ ನಡುವೆ ತೂಕಡಿಸಿದರೂ ದೇವರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ ಎಂದು ಅವಳು ನಂಬಿದ್ದಳು. ಇವತ್ತು ಅದೂ ಇಲ್ಲ.

ಆಂಟನಿಗೆ ಸ್ಟ್ರೋಕ್ ಆದದ್ದು ಹಿಂದಿನ ಚಳಿಗಾಲದಲ್ಲಿ. ಕಟ್ಟಡದ ಕಂಪನಿಯೊಂದರ ಸ್ಟೋರಿನ ಯಜಮಾನಿಕೆ ಅವನದಾಗಿತ್ತು. ಆರಡಿಯ ಆಳು, ದೊಡ್ಡ ಗಂಟಲು. ದೋಹಾದಲ್ಲಿ ಉಡುಪಿ ಕಡೆಯವರ ಮದುವೆಯಿರಲಿ, ನಾಮಕರಣವಿರಲಿ, ಮೈಕ್ ಹಿಡಿಯುವವನು ಅವನೇ. ಈಗ ಎಡಗೈ ಮಡಚಿಕೊಂಡು ಎದೆಗೆ ಅಂಟಿದೆ, ಎಡಗಾಲು ನೆಲ ಕೆರೆಯುತ್ತದೆ. ಮಾತು ಸ್ವಲ್ಪ ಎಳೆಯುತ್ತದೆಯೇ ಹೊರತು ನಿಂತಿಲ್ಲ. ನಿಂತಿದ್ದರೆ ಒಳ್ಳೆಯದಿತ್ತು ಎಂದು ಒಂದೊಂದು ದಿನ ರೆಜಿನಾಳಿಗೆ ಅನಿಸಿ, ಅನಿಸಿದ್ದಕ್ಕೆ ಅವಳು ಶಿಲುಬೆಯ ಗುರುತು ಹಾಕಿಕೊಂಡದ್ದುಂಟು. ಮಗ ಜೋವಿನ್‌ಗೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಇನ್ನೂ ಮುಗಿದಿಲ್ಲ. ಅಲ್ಲಿಯ ತನಕ ಅವಳು ಕೆಲಸ ಬಿಡುವ ಹಾಗಿಲ್ಲ. ಅವಳ ವೀಸಾದ ನೆರಳಿನಲ್ಲಿ ಆಂಟನಿಯೂ ಇಲ್ಲೇ.

ಈ ಬಿಸಿನೀರಿನ ಹುಚ್ಚು ಹತ್ತಿಸಿದ್ದು ಫಿಸಿಯೋಥೆರಪಿಯ ಹುಡುಗಿ. ಬೆಚ್ಚಗಿನ ನೀರಿನಲ್ಲಿ ವ್ಯಾಯಾಮ ಮಾಡಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ಆದರೆ ಆಸ್ಪತ್ರೆಯ ಅಂಥ ಕೊಳದಲ್ಲಿ ಸರದಿ ಬರಲು ಬಹಳ ತಿಂಗಳು ಬೇಕು ಎಂದಿದ್ದಳು. ಅಂದಿನಿಂದ ಆಂಟನಿ ಮೊಬೈಲಿನಲ್ಲಿ ನೋಡುವುದು ಒಂದೇ: ಬೆಂಕಿ ಉಗುಳುವ ಬೆಟ್ಟ, ಕೆಂಪಗೆ ಹರಿಯುವ ಲಾವಾ, ಅದರ ಬುಡದಲ್ಲಿ ಕಪ್ಪು ಬಂಡೆಗಳ ನಡುವೆ ಹಬೆಯಾಡುವ ನೀಲಿ ನೀರು, ಕುತ್ತಿಗೆಯವರೆಗೆ ಮುಳುಗಿ ನಗುವ ಬಿಳಿಯರು. ಅವನು ಮಲ್ಪೆ ಹತ್ತಿರದ ತೊಟ್ಟಂನವನು. ಹುಡುಗನಾಗಿದ್ದಾಗ ಮೀನಿನ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತಿದ್ದ.

“ಅಲ್ಲಿನ ಕಲ್ಲಿನ ಕಂಬಗಳೂ ಜ್ವಾಲಾಮುಖಿಯದ್ದೇ,” ಎಂದು ಅವಳು ಪಾತ್ರೆ ತೊಳೆಯುವಾಗ ಹಿಂದಿನಿಂದ ಕೂಗಿ ಹೇಳುತ್ತಿದ್ದ. “ಪುತ್ತೂರಿನ ಹತ್ತಿರ ಬೆಂದ್ರ್ ತೀರ್ಥ ಉಂಟಲ್ಲ, ಶಾಲೆಯಿಂದ ಕರಕೊಂಡು ಹೋಗಿದ್ರು. ನೆಲದ ಅಡಿಯಿಂದಲೇ ಬಿಸಿ ಬಿಸಿ ನೀರು. ಈಗ ಅಲ್ಲಿದ್ದಿದ್ರೆ ದಿನಾ ಹೋಗ್ತಿದ್ದೆ.”

ಆಗ ಜೇಕಬ್ ಬಾಯಿ ಹಾಕಿದ. ಉತ್ತರದಲ್ಲಿ, ಅಲ್ ಶಮಾಲ್ ಕಡೆಯ ಒಂದು ಪಾಳುಬಿದ್ದ ಹಳ್ಳಿಯಲ್ಲಿ ಒಂದು ಬಾವಿಯುಂಟು, ಬಹಳ ವರ್ಷದ ಹಿಂದೆ ಟವರಿನ ಕೆಲಸಕ್ಕೆ ಹೋದಾಗ ಅದರಲ್ಲಿ ಮುಖ ತೊಳೆದಿದ್ದೆ, ಚಹಾ ಮಾಡಬಹುದಾದಷ್ಟು ಬಿಸಿಯಿತ್ತು ಎಂದ. ಅಷ್ಟು ಸಾಕಾಯಿತು.

ಜೇಕಬ್ ಟೆಲಿಫೋನ್ ಕಂಪನಿಯಲ್ಲಿ ಇನ್ನೂ ದುಡಿಯುತ್ತಿದ್ದ. ಹೆಂಡತಿ ಉಡುಪಿಯಲ್ಲಿ, ಅವನು ಇಲ್ಲಿ. ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟ್ ಸಭೆಯವನಾದ್ದರಿಂದ ಅವನಿಗೆ ಕೊಂಕಣಿ ಬಾರದು; ಅವನು ಕಾಲಿಟ್ಟೊಡನೆ ಮನೆಯ ಮಾತು ಕನ್ನಡಕ್ಕೆ ತಿರುಗುತ್ತಿತ್ತು. ಆಂಟನಿಯ ಮುಖವೂ ಅರಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬಂದು ಒಂದು ತಾಸು ಕೂರುವ ಜೇಕಬನಿಗೆ ಗಂಡನ ನಗು, ಹಳೆಯ ಕತೆ, ತಮಾಷೆ ಎಲ್ಲ. ಉಳಿದ ದಿನಗಳ ಸಿಡುಕು ಮಾತ್ರ ತನಗೆ. ರೆಜಿನಾ ಇದನ್ನು ಯಾರೊಡನೆಯೂ ಆಡಿರಲಿಲ್ಲ. ಆಡಲು ಯಾರೂ ಇರಲಿಲ್ಲ.

ಅವಳು ಎದ್ದು ಅಂಗಿಯನ್ನು ಬಿಚ್ಚಿ, ಎಡಗೈಯನ್ನು ಮೊದಲು ತೂರಿಸಿ, ಸರಿಯಾಗಿ ತೊಡಿಸಿದಳು. ಬಟ್ಟೆ, ಟವೆಲು, ಮಾತ್ರೆ, ಮೂತ್ರದ ಬಾಟಲಿ ಎಲ್ಲ ಚೀಲಕ್ಕೆ ತುಂಬಿದಳು. ಕೆಳಗೆ ಜೇಕಬನ ಪಜೇರೋ ಹಾರ್ನ್ ಹೊಡೆಯಿತು.

ಕಾರು ಹತ್ತಿಸುವುದೇ ಒಂದು ಕೆಲಸ. ಮೊದಲು ಬೆನ್ನು ಸೀಟಿಗೆ, ಆಮೇಲೆ ಅವಳು ಬಗ್ಗಿ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಡಬೇಕು. ಬಾಗಿದಾಗಲೆಲ್ಲ ಸೊಂಟದ ಬಲಭಾಗದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಜೇಕಬ್ ಬಾಗಿಲು ಹಿಡಿದು ನಿಂತ. ಅವನ ಸೊಂಟಕ್ಕೂ ಬೆನ್ನುನೋವಿನ ಬೆಲ್ಟಿತ್ತು.

“ಬಾಯಿ, ನೀವು ಹಿಂದೆ ಆರಾಮಾಗಿ ಮಲಗಿ. ಅಲ್ಲಿಗೆ ಹೋಗಿ ಮುಟ್ಟುವಾಗ ಎಬ್ಬಿಸ್ತೇನೆ,” ಎಂದ. ಕ್ರಿಶ್ಚಿಯನ್ ಹೆಂಗಸರಿಗೆ ಊರಿನವರು ಅನ್ನುವ ಹಾಗೆ ಅವನೂ ಅವಳನ್ನು ‘ಬಾಯಿ’ ಎನ್ನುತ್ತಿದ್ದ.

ಮಲಗಲು ಆಗಲಿಲ್ಲ. ಆಂಟನಿ ಒಂದೇ ಸಮ ಮಾತನಾಡುತ್ತಿದ್ದ, ಐದೈದು ನಿಮಿಷಕ್ಕೆ ಹಿಂದೆ ತಿರುಗದೆಯೇ “ಅಲ್ವಾ ರೆಜಿ?” ಎನ್ನುತ್ತಿದ್ದ. ಅವಳು “ಹೂಂ” ಎನ್ನದಿದ್ದರೆ ಮತ್ತೆ ಕೇಳುತ್ತಿದ್ದ. ದಾರಿಯಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದಾಗ ಹುಡುಗನೊಬ್ಬ ಕಿಟಕಿಗೇ ಗಟ್ಟಿ ಹಾಲಿನ ಕರಕ್ ಚಹಾ ತಂದುಕೊಟ್ಟ. ಆಂಟನಿಯ ಕಪ್ಪನ್ನು ಅವಳು ಹಿಂದಿನ ಸೀಟಿನಿಂದಲೇ ಕೈಚಾಚಿ ಹಿಡಿದುಕೊಂಡಳು. ಅವನು ಕುಡಿದು ಮುಗಿಸುವ ಹೊತ್ತಿಗೆ ಅವಳದು ಆರಿತ್ತು.

ಅಲ್ ಖೋರ್ ದಾಟಿದ ಮೇಲೆ ಎರಡೂ ಬದಿ ಬರೀ ಸಮತಟ್ಟು. ಬೂದುಬಿಳಿ ನೆಲ, ಅಲ್ಲಲ್ಲಿ ಒಣ ಕುರುಚಲು, ದೂರದಲ್ಲಿ ಚಳಿಗಾಲದ ಕ್ಯಾಂಪಿನ ಬಿಳಿ ಡೇರೆಗಳು. ಆಂಟನಿ ಕಿಟಕಿಯಿಂದ ಹೊರಗೆ ನೋಡುತ್ತ ನೋಡುತ್ತ ಮೆತ್ತಗಾದ.

“ಇಲ್ಲಿ ಒಂದು ದಿಬ್ಬ ಕೂಡಾ ಇಲ್ವಲ್ಲ ಮಾರಾಯ. ಕಲ್ಲು ನೋಡು, ಸುಣ್ಣದ ಹಾಗೆ. ಬಿಸಿನೀರು ಬರುವ ಜಾಗದಲ್ಲಿ ಕಲ್ಲು ಕಪ್ಪಿರ್ತದೆ.”

“ಕಲ್ಲಿನ ಬಣ್ಣ ಯಾಕೆ ನಿನಗೆ? ಅಡಿಯಲ್ಲಿ ಅಷ್ಟು ಗ್ಯಾಸ್ ಉಂಟು, ಎಣ್ಣೆ ಉಂಟು. ಬಿಸಿ ಇಲ್ಲದೆ ಇರ್ತದಾ?” ಎಂದ ಜೇಕಬ್. ಅವನ ಧ್ವನಿಯಲ್ಲಿ ಮೊದಲಿನ ಧೈರ್ಯವಿರಲಿಲ್ಲ. ರೆಜಿನಾ ಅದನ್ನು ಗಮನಿಸಿದಳು.

ಪಾಳುಹಳ್ಳಿ ಸಿಕ್ಕಿದ್ದು ಎರಡು ಸಲ ದಾರಿ ತಪ್ಪಿದ ಮೇಲೆ. ಸಮುದ್ರಕ್ಕೆ ಹತ್ತಿರ, ಕಲ್ಲುಮಣ್ಣಿನ ಗೋಡೆಗಳು ಮಾತ್ರ ನಿಂತಿದ್ದವು. ಸೂರಿಲ್ಲದ ಕೋಣೆಗಳೊಳಗೆ ಮರಳು ಗುಡ್ಡೆಹಾಕಿತ್ತು. ಗಾಳಿ ಚುರುಕಾಗಿತ್ತು. ಕಾರಿನಲ್ಲೇ ಇರು, ಜೇಕಬ್ ಹೋಗಿ ನೋಡಿಬರಲಿ ಎಂದರೆ ಆಂಟನಿ ಕೇಳಲಿಲ್ಲ. ಅವನನ್ನು ಇಳಿಸಿ, ಅವಳ ಹೆಗಲಿಗೆ ಅವನ ಎಡಮೈಯ ಭಾರ ಹೊತ್ತುಕೊಂಡು, ಒಂದು ಹೆಜ್ಜೆ, ಒಂದು ಕೆರೆತ, ಮತ್ತೊಂದು ಹೆಜ್ಜೆ ಎಂದು ಮುರಿದ ಗೋಡೆಗಳ ನಡುವೆ ಹೋದರು. ಕಲ್ಲುಗಳ ಮೇಲೆ ಕೋಲು ನಿಲ್ಲುತ್ತಿರಲಿಲ್ಲ.

ಬಾವಿ ಇತ್ತು. ಜೇಕಬ್ ಸುಳ್ಳು ಹೇಳಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕಬ್ಬಿಣದ ಜಾಲರಿ ಬಿಗಿದಿದ್ದರು, ಜಾಲರಿಯ ಕೆಳಗೆ ಕೈಗೆಟಕುವಷ್ಟರಲ್ಲಿ ಮರಳು, ಮರಳಿನ ಮೇಲೆ ಪೆಪ್ಸಿಯ ಡಬ್ಬಿಗಳು ಮತ್ತು ಗಾಳಿಗೆ ಉಸಿರಾಡುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲ.

ಮೂವರೂ ಅದನ್ನೇ ನೋಡುತ್ತ ನಿಂತರು.

“ಇದೇ ಇರ್ಬೇಕು ಅಂತಿಲ್ಲ. ಆಚೆ ಇನ್ನೊಂದಿದ್ದರೂ ಇರ್ಬಹುದು,” ಎಂದ ಜೇಕಬ್.

ಆಂಟನಿ ಕೋಲೆತ್ತಿ ಜಾಲರಿಗೆ ಬೀಸಿ ಹೊಡೆದ. ಆ ರಭಸಕ್ಕೆ ತಾನೇ ಓಲಾಡಿದ. ರೆಜಿನಾ ಹಿಡಿಯದಿದ್ದರೆ ಬೀಳುತ್ತಿದ್ದ. ಹಿಡಿದ ಕೈಯನ್ನೇ ಕೊಡವಿ ಅವನು ಅವಳ ಮೇಲೆ ತಿರುಗಿದ. “ನಿನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆಯಿಂದ ಹೆಣದ ಹಾಗೆ ಮುಖ ಮಾಡಿಕೊಂಡು ಕೂತಿದ್ದಿ. ನಾನು ಸರಿಯಾಗುದು ನಿನಗೆ ಬೇಕಾಗಿಲ್ಲ.”

ಜೇಕಬ್ “ಹೇ ಆಂಟನಿ” ಎಂದ. ಗಂಡನ ಮಾತು ಮುಟ್ಟಬೇಕಾದ ಜಾಗ ರೆಜಿನಾಳೊಳಗೆ ಎಲ್ಲೋ ಇತ್ತು, ಅಲ್ಲಿಯ ತನಕ ಹೋಗಲು ಮಾತಿಗೂ ಶಕ್ತಿ ಸಾಲಲಿಲ್ಲವೋ ಏನೋ. ಅವಳಿಗೆ ತೋರಿದ್ದು ಇಷ್ಟೇ: ಇವನನ್ನು ಮತ್ತೆ ಕಾರಿನವರೆಗೆ ನಡೆಸಬೇಕು, ಎಡಗಾಲನ್ನು ಎತ್ತಿ ಒಳಗಿಡಬೇಕು.

ಆಂಟನಿ ಒಂದು ಮೋಟುಗೋಡೆಯ ಮೇಲೆ ಕೂತುಬಿಟ್ಟ, ಏಳಲಿಲ್ಲ. ಆಮೇಲೆ ತಲೆ ತಗ್ಗಿಸಿ, ಜೇಕಬನಿಗೆ ಕೇಳಿಸದ ಹಾಗೆ ಕೊಂಕಣಿಯಲ್ಲಿ, ಬಾಟಲಿ ಬೇಕೆಂದ. ಅವಳು ಗಾಳಿಗೆ ಬೆನ್ನು ಕೊಟ್ಟು ಅವನಿಗೆ ಮರೆಯಾಗಿ ನಿಂತಳು, ಕೆಲಸ ಮುಗಿದ ಮೇಲೆ ಬಾಟಲಿಯನ್ನು ಗೋಡೆಯ ಆಚೆ ಚೆಲ್ಲಿ ನೀರು ಹಾಕಿ ತೊಳೆದಳು.

ಅಷ್ಟರಲ್ಲಿ ಒಂದು ಪಿಕಪ್ ಧೂಳೆಬ್ಬಿಸಿಕೊಂಡು ಬಂದು ಪಜೇರೋದ ಪಕ್ಕದಲ್ಲಿ ನಿಂತಿತು. ಇಳಿದವನು ಕುಳ್ಳಗೆ, ಗಟ್ಟಿಮುಟ್ಟಾಗಿ, ನೆರೆತ ಗಡ್ಡದ ಐವತ್ತರ ಆಸುಪಾಸಿನವನು. “ಗಾಡಿ ಖರಾಬ್ ಹೈ ಕ್ಯಾ?” ಎಂದು ದೂರದಿಂದಲೇ ಕೂಗಿದ. ಜೇಕಬ್ ತನ್ನ ಹರುಕು ಹಿಂದಿಯಲ್ಲಿ ಬಾವಿಯ ಸಂಗತಿ ವಿವರಿಸಲು ಹೊರಟು, ಅರ್ಧದಲ್ಲಿ ತಡವರಿಸಿ “ಎಂತ ಹೇಳುದಪ್ಪಾ ಇದಕ್ಕೆ” ಎಂದು ತನ್ನಷ್ಟಕ್ಕೇ ಗೊಣಗಿದ.

ಆ ಮನುಷ್ಯನ ಮುಖ ಅರಳಿತು. “ಊರಿನವರಾ ನೀವು? ಎಲ್ಲಿ ಆಯ್ತು?”

ಹೆಸರು ಅಲಿಯಬ್ಬ, ಫರಂಗಿಪೇಟೆಯ ಬ್ಯಾರಿ. ಒಬ್ಬ ಅರಬಿಯ ತೋಟವನ್ನು ನೋಡಿಕೊಳ್ಳುತ್ತಿದ್ದ. ಅಗೋ, ಆ ಗಾಳಿಮರಗಳ ಸಾಲಿನ ಹಿಂದೆ. ಆಂಟನಿ ಗೋಡೆಯ ಮೇಲೆ ಕೂತಲ್ಲಿಂದಲೇ ಕೇಳಿದ, “ಇಲ್ಲಿ ಎಲ್ಲಾದ್ರೂ ಬಿಸಿನೀರಿನ ಬುಗ್ಗೆ ಉಂಟಾ?”

“ಬುಗ್ಗೆಯಾ? ಮಾಫಿ, ಇಲ್ಲ ಪೊರ್ಬುಗಳೇ, ನಾನಂತೂ ಕಂಡಿಲ್ಲ.” ಊರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆಯೇ ಕರೆದ. ಆಮೇಲೆ ಆಂಟನಿಯ ಮಡಚಿದ ಕೈಯನ್ನೂ ರೆಜಿನಾಳ ಮುಖವನ್ನೂ ನೋಡಿ ಗಡ್ಡ ಕೆರೆದುಕೊಂಡ. “ಬೋರಿನ ನೀರು ಉಂಟು. ಆಳದಿಂದ ಬರುದಲ್ವಾ, ಚಳಿಗಾಲಕ್ಕೆ ಬೆಚ್ಚಗೆ ಇರ್ತದೆ. ನಾನು ದಿನಾ ಅದರಲ್ಲೇ ಮೀಯುದು. ಕಾಲು ಇಳಿಬಿಟ್ಟು ಕೂತ್ಕೊಳ್ಳಿ ಬೇಕಾದ್ರೆ. ಬನ್ನಿ, ಚಹಾ ಕುಡ್ದು ಹೋಗುವ.”

ತೋಟದೊಳಗೆ ಹೋದೊಡನೆ ಗಾಳಿ ನಿಂತಿತು. ಖರ್ಜೂರದ ಮರಗಳು, ಬಲೆಯ ಕೆಳಗೆ ಟೊಮೆಟೊ, ಕೋಸು. ಪಂಪಿನ ಶೆಡ್ಡಿನ ಪಕ್ಕದಲ್ಲಿ ಅರ್ಧ ನೆಲದೊಳಗಿದ್ದ ಒಂದು ದೊಡ್ಡ ಸಿಮೆಂಟಿನ ತೊಟ್ಟಿ. ಅದಕ್ಕೆ ದಪ್ಪ ಪೈಪಿನಿಂದ ನೀರು ದಬದಬ ಸುರಿಯುತ್ತಿತ್ತು. ನೀರಿನ ಮೇಲೆ ತೆಳ್ಳಗೆ ಹಬೆ. ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆ.

“ಗಂಧಕ!” ಎಂದ ಆಂಟನಿ. “ಜೇಕಬ್, ಗಂಧಕದ ವಾಸನೆ ಇದು!”

“ಪೈಪಿನ ವಾಸನೆ,” ಎಂದ ಅಲಿಯಬ್ಬ. ಆಂಟನಿ ಕೇಳಿಸಿಕೊಳ್ಳಲಿಲ್ಲ.

ಕಟ್ಟೆ ಮೊಣಕಾಲೆತ್ತರಕ್ಕಿತ್ತು. ಮೂವರೂ ಸೇರಿ ಅವನನ್ನು ಅದರ ಮೇಲೆ ಕೂರಿಸಿದರು. ರೆಜಿನಾ ಪ್ಯಾಂಟನ್ನು ಮಡಚಿ, ಎಡಗಾಲನ್ನು ಎತ್ತಿ ನೀರಿಗೆ ಬಿಟ್ಟಳು. ಅವನು ಕಣ್ಣು ಮುಚ್ಚಿ “ಆಹ್” ಎಂದ. ಅಲಿಯಬ್ಬ ಚಹಾಕ್ಕೆಂದು ತನ್ನ ಕೋಣೆಯತ್ತ ಹೋದ. ಜೇಕಬನಿಗೆ ಊರಿನಿಂದ ಫೋನ್ ಬಂತು, ಮಾತನಾಡುತ್ತ ಖರ್ಜೂರದ ಮರಗಳ ಕಡೆ ನಡೆದ. ರೆಜಿನಾ ಗಂಡನ ಬೆನ್ನಿನ ಅಂಗಿಯನ್ನು ಹಿಡಿದು ಪಕ್ಕದಲ್ಲಿ ಕೂತಳು. ಬಿಸಿಲು ಹಿತವಾಗಿತ್ತು. ನೀರಿನ ಸದ್ದು ಒಂದೇ ಸಮನಿತ್ತು. ಅವಳ ಕಣ್ಣು ಮುಚ್ಚಿತು, ತೆರೆಯಿತು, ಮುಚ್ಚಿತು.

ಅವಳಿಗೆ ಅರಿವಾದದ್ದು ಬೆರಳುಗಳಿಂದ ಅಂಗಿ ಜಾರಿದಾಗ. ಇನ್ನೂ ಸ್ವಲ್ಪ ಆಳಕ್ಕೆ ಕಾಲು ಇಳಿಸುವ ಆಸೆಗೆ ಆಂಟನಿ ಮುಂದೆ ಮುಂದೆ ಸರಿದಿದ್ದ; ಕಟ್ಟೆಗೆ ಪಾಚಿ ಹಿಡಿದಿತ್ತು. ಸದ್ದೇ ಇಲ್ಲದೆ ಅವನು ಒಳಗೆ ಹೋದ. ಕಣ್ಣೆದುರು ನೀರು ಮಾತ್ರ ಉಳಿಯಿತು, ಒಂದು ಕೈ ಮೇಲೆ ಬಂತು, ಬಲಗೈ.

“ಜೇಕಬಣ್ಣಾ!” ಎಂದು ಕಿರುಚಿದ್ದು ಅವಳಿಗೆ ನೆನಪಿದೆ. ಚಪ್ಪಲಿ, ಚೂಡಿದಾರದ ಶಾಲು, ವಾಚು ಯಾವುದನ್ನೂ ತೆಗೆಯದೆ ಹಾರಿದಳು. ನೀರು ಎದೆಯವರೆಗಿತ್ತು. ಕೈಗೆ ಸಿಕ್ಕಿದ ಕಾಲರನ್ನು ಹಿಡಿದು ಎಳೆದಳು, ಕತ್ತಿನ ಕೆಳಗೆ ತೋಳು ಕೊಟ್ಟಳು. ಅವನು ಕೆಮ್ಮಿದ, ನೀರು ಉಗುಳಿದ, ಬಲಗೈಯಿಂದ ಅವಳ ಕೂದಲು ಹಿಡಿದುಕೊಂಡ.

“ಬಿಡ್ಬೇಡ ರೆಜಿ. ಬಿಡ್ಬೇಡ.”

“ಇಲ್ಲ ಟೋನಿ, ಬಿಡುದಿಲ್ಲ. ಕೂದಲು ಬಿಡು. ಮೇಲೆ ನೋಡು. ಆಕಾಶ ನೋಡು.”

ಅವಳು ಹೇಳಿದ ಹಾಗೆ ಅವನು ಕೇಳಿದ. ಇಷ್ಟು ತಿಂಗಳಲ್ಲಿ ಮೊದಲ ಸಲ. ಅವಳು ಒಂದು ತೋಳನ್ನು ಕತ್ತಿನ ಕೆಳಗೂ ಇನ್ನೊಂದನ್ನು ಸೊಂಟದ ಕೆಳಗೂ ಇಟ್ಟಳು. ಅವನ ದೇಹ ಮೆಲ್ಲಗೆ ಮೇಲೆ ಬಂದು ನೀರಿನ ಮೇಲೆ ಚಾಚಿಕೊಂಡಿತು. ಎದೆಗೆ ಅಂಟಿರುತ್ತಿದ್ದ ಎಡಗೈ ಕೂಡ ಸ್ವಲ್ಪ ಬಿಡಿಸಿಕೊಂಡು ನೀರಿನಲ್ಲಿ ತೇಲಿತು.

ಆಗ ಅವಳಿಗೆ ಗೊತ್ತಾಯಿತು, ಅವನಿಗೆ ಭಾರವಿಲ್ಲ. ಹಾಸಿಗೆಯಿಂದ ಎತ್ತಿ, ಕುರ್ಚಿಗೆ ಇಳಿಸಿ, ಬಚ್ಚಲ ಹೊಸ್ತಿಲು ದಾಟಿಸಿ, ರಾತ್ರಿ ಮಗ್ಗುಲು ಬದಲಿಸಬೇಕಾದ ಆ ಆಳು ಈಗ ಅವಳ ಎರಡು ತೋಳಿನ ಮೇಲೆ ಹತ್ತಿಯ ದಿಂಬಿನಷ್ಟು ಹಗುರಾಗಿದ್ದ. ಬೆಚ್ಚಗಿನ ನೀರು ಅವಳ ಸೊಂಟವನ್ನೂ ಸುತ್ತಿಕೊಂಡಿತ್ತು, ಸೂಜಿ ಚುಚ್ಚುವ ಜಾಗದಲ್ಲಿ ನೋವಿರಲಿಲ್ಲ. ಹೆಗಲುಗಳು ತಾವಾಗಿಯೇ ಕೆಳಗಿಳಿದವು. ಅವು ಅಷ್ಟು ದಿನ ಕಿವಿಯ ಹತ್ತಿರ ಬಿಗಿದುಕೊಂಡಿದ್ದವೆಂದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಅಳತೊಡಗಿದಳು. ಸದ್ದು ಮಾಡಿ, ಮೂಗು ಸುರಿಸಿಕೊಂಡು, ನಿಲ್ಲಿಸಲಾಗದೆ.

ಜೇಕಬ್ ಓಡಿಬಂದು ಕಟ್ಟೆಯ ಬಳಿ ನಿಂತವನು ಅವಳ ಅಳು ನೋಡಿ ಗಾಬರಿಯಾಗಿ ಅಲಿಯಬ್ಬನನ್ನು ಕರೆಯಲು ಮತ್ತೆ ಓಡಿದ.

“ಎಂತ ಆಯ್ತು? ನನಗೆ ಏನೂ ಆಗ್ಲಿಲ್ಲ ಮಾರಾಯ್ತಿ,” ಎಂದ ಆಂಟನಿ, ಆಕಾಶ ನೋಡುತ್ತಲೇ.

“ನಿನಗಲ್ಲ. ನನಗೆ. ನನಗೆ ಸುಸ್ತಾಗಿದೆ ಟೋನಿ.”

ಇಬ್ಬರೇ ಇದ್ದುದರಿಂದ ಅವಳ ಬಾಯಿಗೆ ಕೊಂಕಣಿಯೇ ಬಂದಿತ್ತು. ಆ ಮಾತನ್ನು ಅವಳು ಯಾವ ಭಾಷೆಯಲ್ಲೂ ಅವನಿಗೆ ಹೇಳಿರಲಿಲ್ಲ.

ಪೈಪಿನ ನೀರು ಸುರಿಯುತ್ತಲೇ ಇತ್ತು. “ಗೊತ್ತುಂಟು,” ಎಂದ ಆಂಟನಿ ಕೊನೆಗೆ. ಆಮೇಲೆ ಹಳೆಯ ಬಿರುಸಿನಲ್ಲಿ, “ಹಾಗಾದ್ರೆ ನನ್ನನ್ನು ಊರಿಗೆ ಕಳಿಸಿಬಿಡು. ತಮ್ಮನ ಮನೆಯ ಮೂಲೆಯಲ್ಲಿ ಬಿದ್ದಿರ್ತೇನೆ,” ಎಂದ.

“ಊರಿನ ಮಾತು ಯಾರು ತೆಗೆದದ್ದು?” ಅವಳ ಸಿಟ್ಟು ಈಗ ಬಂತು. “ಸುಸ್ತು ಅಂದೆ, ಅಷ್ಟೇ. ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳಿದ ಕೂಡ್ಲೇ ನಿನ್ನನ್ನು ಬಿಟ್ಟುಬಿಟ್ಟೆ ಅಂತ ಲೆಕ್ಕವಾ? ಅಷ್ಟು ಹೇಳ್ಲಿಕ್ಕೂ ನನಗೆ ಹಕ್ಕಿಲ್ವಾ?”

ಅವನ ಕಣ್ಣಿನ ಮೂಲೆಯಿಂದ ಇಳಿದದ್ದು ತೊಟ್ಟಿಯ ನೀರೋ ಬೇರೆಯೋ ಅವಳು ವಿಚಾರಿಸಲಿಲ್ಲ. ಅವನನ್ನು ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಮುಂದಕ್ಕೆ ನಡೆದಳು. ಅವನು ಅವಳ ಹಿಂದೆ ದೋಣಿಯಂತೆ ಬಂದ.

ಹೊರಗೆ ತೆಗೆಯುವುದು ಬೇರೆಯೇ ಕತೆಯಾಯಿತು. ಅಲಿಯಬ್ಬ ಒಂದು ಮರದ ಹಲಗೆಯನ್ನೂ ಇಬ್ಬರು ಬಂಗಾಳಿ ಕೆಲಸಗಾರರನ್ನೂ ಕರೆತಂದ. “ಯಲ್ಲಾ, ಯಲ್ಲಾ, ಮೆಲ್ಲ,” ಎನ್ನುತ್ತ ಮೇಲಿನಿಂದ ಅವರು ಎಳೆದರು, ಕೆಳಗಿನಿಂದ ರೆಜಿನಾ ಹೆಗಲು ಕೊಟ್ಟು ನೂಕಿದಳು. ಅವನ ಎದೆ ನೀರಿನಿಂದ ಹೊರಬಂದಷ್ಟೂ, ಸೊಂಟ ಹೊರಬಂದಷ್ಟೂ, ಭಾರ ಅವಳ ಮೇಲೆ ಕೂರುತ್ತ ಬಂತು. ನೀರು ಅವನನ್ನು ಇಂಚಿಂಚಾಗಿ ಅವಳಿಗೆ ಮರಳಿಸುತ್ತಿತ್ತು. ಕೊನೆಗೆ ಅವಳು ತೊಟ್ಟಿಯೊಳಗೆ ಒಬ್ಬಳೇ ಉಳಿದಳು.

“ಬನ್ನಿ ಬಾಯಮ್ಮ, ಚಳಿ ಹಿಡೀತದೆ,” ಎಂದು ಅಲಿಯಬ್ಬ ಕರೆದ.

“ಒಂದು ನಿಮಿಷ,” ಎಂದಳು. ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದಳು. ಯಾರೂ ಅವಸರಿಸಲಿಲ್ಲ.

ಆಂಟನಿಗೆ ಚೀಲದಲ್ಲಿ ಬಟ್ಟೆಯಿತ್ತು, ಅವಳಿಗಿರಲಿಲ್ಲ. ತನಗಾಗಿ ಏನಾದರೂ ತರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅಲಿಯಬ್ಬ ಊರಿಗೆ ಕೊಂಡೊಯ್ಯಲೆಂದು ತೆಗೆದಿಟ್ಟಿದ್ದ ಹೊಸ ಕಂಬಳಿಯ ಪ್ಯಾಕೆಟ್ ಒಡೆದು ಕೊಟ್ಟ. ತನ್ನ ಕೋಣೆಯ ಬಾಗಿಲು ತೆರೆದುಕೊಟ್ಟು ಅವಳು ಬಟ್ಟೆ ಹಿಂಡಿಕೊಂಡು ಬರುವ ತನಕ ದೂರ ನಿಂತ. ಚಹಾ ಕೊಟ್ಟ, ಅನ್ನ ಮತ್ತು ಬಂಗುಡೆ ಸಾರು ಇದೆಯೆಂದ. “ನನಗೆ ಜುಮಾ ನಮಾಜಿಗೆ ಹೊತ್ತಾಯ್ತು. ಬಡಿಸ್ಕೊಂಡು ಉಣ್ಣಿ, ನಿಮ್ಮ ಮನೆಯ ಹಾಗೆಯೇ,” ಎಂದು ಪಿಕಪ್ ಹತ್ತಿ ಹೋದ.

ರೆಜಿನಾ ಕಂಬಳಿ ಹೊದ್ದು ಕಾರಿನ ಹಿಂದಿನ ಸೀಟಿನಲ್ಲಿ, ಹೀಟರಿನ ಗಾಳಿಗೆ, ಬಟ್ಟೆ ಒಣಗಲೆಂದು ಕೂತಳು. ಐದು ನಿಮಿಷ ಕೂತು ಆಮೇಲೆ ಆಂಟನಿಗೆ ಉಣ್ಣಿಸಬೇಕು ಎಂದುಕೊಂಡಳು.

ಎಚ್ಚರವಾದಾಗ ಬಿಸಿಲು ಕಾರಿನ ಇನ್ನೊಂದು ಪಕ್ಕಕ್ಕೆ ಬಂದಿತ್ತು. ದಡಬಡಿಸಿ ಎದ್ದು ಕೂತಳು. ಶೆಡ್ಡಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಮೂವರು ಗಂಡಸರು ಕೂತಿದ್ದರು. ಆಂಟನಿಯ ಅಂಗಿಯ ಮೇಲೆ ಸಾರಿನ ಕಲೆ, ಜೇಕಬ್ ಉಣ್ಣಿಸಿದ್ದಿರಬೇಕು. ಮಾತ್ರೆಯ ಡಬ್ಬಿ ಮಡಿಲಲ್ಲಿ ತೆರೆದಿತ್ತು. ಅವಳು ಹತ್ತಿರ ಬಂದಾಗ ಆಂಟನಿ ಪರೀಕ್ಷೆ ಪಾಸಾದ ಮಗುವಿನ ಹಾಗೆ ಹೇಳಿದ, “ಇವ ಎಬ್ಬಿಸ್ಲಿಕ್ಕೆ ಹೊರಟಿದ್ದ. ಬೇಡ ಅಂದೆ ನಾನು.”

“ಬಾಟಲಿ?”

“ಅದೂ ಆಯ್ತು ಬಾಯಿ,” ಎಂದ ಜೇಕಬ್, ಬೇರೆ ಕಡೆ ನೋಡುತ್ತ. ಅವನ ಕಿವಿ ಕೆಂಪಾಗಿತ್ತು.

ತಣ್ಣಗಾದ ಅನ್ನವನ್ನು ಅವಳು ನಿಂತುಕೊಂಡೇ ಉಂಡಳು. ಎರಡು ಬಂಗುಡೆ ಉಳಿದಿದ್ದವು, ಎರಡನ್ನೂ ತಿಂದಳು. ಹೊರಡುವಾಗ ಕಂಬಳಿ ಮಡಚಿ ಕೊಟ್ಟರೆ ಅಲಿಯಬ್ಬ ತೆಗೆದುಕೊಳ್ಳಲಿಲ್ಲ. “ಧಣಿಗೆ ಹೇಳ್ತೇನೆ, ಬೇಡ ಅನ್ನುದಿಲ್ಲ ಅವರು. ಪೊರ್ಬುಗಳನ್ನು ಕರಕೊಂಡು ಬನ್ನಿ ಬೇಕಾದಾಗ. ಆದ್ರೆ ಇಬ್ಬರು ಗಂಡಸರು ಇರ್ಬೇಕು ಮಾರಾಯ್ರೆ, ಇದು ಹೆಂಗಸಿನ ಕೆಲಸ ಅಲ್ಲ.”

ದಾರಿಯಲ್ಲಿ ಆಂಟನಿ ಉತ್ಸಾಹದಿಂದ ಶುರುಮಾಡಿದ. “ಕೈ ಸ್ವಲ್ಪ ಸಡಿಲ ಆದ ಹಾಗೆ ಉಂಟು. ನೋಡು ಜೇಕಬ್, ಈ ಬೆರಳು. ಬರುವ ಶುಕ್ರವಾರ ಬೇಗ ಹೊರಟ್ರೆ... ಅಲ್ವಾ ರೆಜಿ?”

“ಇಲ್ಲ,” ಎಂದಳು ರೆಜಿನಾ.

ಅವಳು ಮುಂದಿನ ಸೀಟಿನತ್ತ ಬಾಗಿದಳು.

“ನಾನು ಬರುದಿಲ್ಲ. ನೀವಿಬ್ರು ಹೋಗಿ. ಜೇಕಬಣ್ಣ, ನೀವು ಹದಿನೈದು ದಿನಕ್ಕೊಮ್ಮೆ ಬಂದು ಕೂತು ನಗಿಸಿ ಹೋಗ್ತೀರಿ, ಅದು ದೊಡ್ಡ ಉಪಕಾರ, ಇಲ್ಲ ಅನ್ನುದಿಲ್ಲ. ಆದ್ರೆ ನನಗೆ ಬೇಕಾದ್ದು ಅದಲ್ಲ. ಶುಕ್ರವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಇವರನ್ನು ಕರಕೊಂಡು ಹೋಗಿ. ಬಾಟಲಿ, ಮಾತ್ರೆ, ಊಟ ಎಲ್ಲ ನೀವೇ. ನಿಮ್ಮ ಬೆನ್ನಿಗೆ ಆಗುದಿಲ್ಲ ಅಂತಾದ್ರೆ ಈಗಲೇ ಹೇಳಿ, ನಾನು ಬೇರೆ ದಾರಿ ನೋಡ್ತೇನೆ.”

ಇಷ್ಟು ಉದ್ದದ ಮಾತನ್ನು ಅವಳು ಜೇಕಬನೊಡನೆ ಆಡಿದ್ದು ಇದೇ ಮೊದಲು. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ, ರಸ್ತೆ ನೋಡಿದ. “ಎಲ್ಲಾ ಶುಕ್ರವಾರ ಆಗ್ಲಿಕ್ಕಿಲ್ಲ ಬಾಯಿ. ಡ್ಯೂಟಿ ಇರ್ತದೆ,” ಎಂದ. ಸ್ವಲ್ಪ ದೂರ ಹೋದ ಮೇಲೆ, “ಒಂದು ಬಿಟ್ಟು ಒಂದು ಆಗ್ತದೆ. ನಮ್ಮ ಕ್ಯಾಂಪಿನ ಸುಪ್ರೀತನನ್ನೂ ಕರೀತೇನೆ, ಗಟ್ಟಿ ಆಳು,” ಎಂದ.

ಆಂಟನಿ ಮುಖ ಊದಿಸಿಕೊಂಡಿದ್ದ. ತನ್ನನ್ನು ಪಾರ್ಸೆಲಿನ ಹಾಗೆ ಇವರು ಹಂಚಿಕೊಳ್ಳುತ್ತಿದ್ದಾರೆಂದು ಗೊಣಗಿದ. ಯಾರೂ ಸಮಾಧಾನ ಹೇಳಲಿಲ್ಲ. ದೋಹಾದ ಎತ್ತರದ ಕಟ್ಟಡಗಳು ಕಾಣಿಸಿದಾಗ ಅವನೇ ಬಲಗೈಯನ್ನು ಸೀಟಿನ ಸಂದಿಯಿಂದ ಹಿಂದಕ್ಕೆ ಚಾಚಿದ. ಅವಳು ಅದನ್ನು ಹಿಡಿದಳು. ಹಿಡಿದುಕೊಂಡೇ ನಿದ್ದೆ ಹೋದಳು.

ಮುಂದಿನ ಶುಕ್ರವಾರ ಜೇಕಬ್ ಬರುವುದಿಲ್ಲವೆಂದೇ ಅವಳು ಅಂದುಕೊಂಡಿದ್ದಳು. ಬಂದ, ತಡವಾಗಿ, ಜೊತೆಗೆ ಸುಪ್ರೀತನೆಂಬ ಕುಂದಾಪುರದ ಯುವಕನನ್ನು ಕರಕೊಂಡು. ಅಂಗಿಯ ಎಡತೋಳನ್ನು ಮೊದಲು ಹಾಕಬೇಕೆಂದು ಅವಳು ತೋರಿಸಿಕೊಟ್ಟಳು, ಕಾಲನ್ನು ಕಾರಿನೊಳಗಿಡುವ ಬಗೆಯನ್ನೂ ತೋರಿಸಿದಳು. ಕಾರು ತಿರುವಿನಲ್ಲಿ ಮರೆಯಾದ ನಂತರ ಮೇಲೆ ಬಂದು ಬಾಗಿಲು ಹಾಕಿದಳು.

ಪೂಜೆಗೆ ಹೋಗಬಹುದಿತ್ತು. ಬಟ್ಟೆ ಒಗೆಯಬಹುದಿತ್ತು. ಅವಳು ಮಂಚದ ನಡುವೆ, ಎರಡೂ ಕೈ ಚಾಚಿ, ಅಡ್ಡಾದಳು.

ಜುಮಾದ ಬಾಂಗಿನ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಆಂಟನಿ.

“ರೆಜಿ, ಇವತ್ತು ನೀರು ಅಷ್ಟು ಬಿಸಿ ಇಲ್ಲ ಮಾರಾಯ್ತಿ. ಈ ಸುಪ್ರೀತನಿಗೆ ಸರಿಯಾಗಿ ಹಿಡ್ಕೊಳ್ಳಿಕ್ಕೂ ಬರುದಿಲ್ಲ. ಕಿವಿಗೆಲ್ಲ ನೀರು ಹೋಯ್ತು.”

“ಹಾಗಾ?” ಎಂದಳು ಅವಳು, ಕಣ್ಣು ತೆರೆಯದೆ. “ಬಲಗಡೆ ವಾಲಿ ತಲೆ ಕೊಡವು, ಹೋಗ್ತದೆ.”

ಫೋನನ್ನು ದಿಂಬಿನ ಅಡಿಗೆ ಸೇರಿಸಿ ಮಗ್ಗುಲು ಬದಲಿಸಿದಳು.